ಮೂರು ಮೂರಲಿ ಒಂಬತ್ತು

ಹೋಲ್ಮ್‌ವಿಕ್, ಉತ್ತರ ಡಕೋಟಾ
16 ಸೆಪ್ಟೆಂಬರ್ 1974

ಶ್ರೀ ಎಮಿಲ್ ಹಾವ್ಲಿಕ್ ಅವರಿಗೆ,

ನನ್ನ ಪರಿಚಯ ನಿಮಗಿಲ್ಲ. ನಿಮ್ಮ ಪರಿಚಯ ಮಾತ್ರ ನನಗೆ ಬೇಕಾದಷ್ಟು ಆಗಿದೆ. ನಿಮ್ಮ ಲಿಪಾ ಕ್ರೀಕಿನ ವಾರಪತ್ರಿಕೆಗೆ ನಾನು ಚಂದಾದಾರಳು. ಗುರುವಾರ ಅಚ್ಚಾದದ್ದು ನೆಬ್ರಾಸ್ಕಾದಿಂದ ಹೊರಟು ಸೋಮವಾರ ನನ್ನ ಅಂಚೆಪೆಟ್ಟಿಗೆಗೆ ಬಂದು ಬೀಳುತ್ತದೆ. ಈ ಸಲ ಅದರಲ್ಲಿ ನಿಮ್ಮ ಪತ್ರವಿತ್ತು. ನೀವೇ ಬರೆದದ್ದು, ಮರೆತಿರಲಾರಿರಿ. ಆದರೂ ಎತ್ತಿ ಬರೆಯುತ್ತೇನೆ:

"ನಮ್ಮ ಹೈಸ್ಕೂಲಿನ ಫುಟ್‌ಬಾಲ್ ಕೋಚ್‌ಗೆ ಒಂದೇ ಮಗ್ಗಿ ಬರುತ್ತದೆ. ನಾಲ್ಕು ಅವಕಾಶದಲ್ಲಿ ಹತ್ತು ಗಜ ಮುಂದೆ ಹೋಗಬೇಕಾದ ಆಟದಲ್ಲಿ ಇವರು ಮೂರು ಸಲವೂ ಹುಡುಗನ ಕೈಗೆ ಚೆಂಡು ಕೊಟ್ಟು ಗುಂಪಿನ ಮಧ್ಯದಲ್ಲೇ ನುಗ್ಗಿಸುತ್ತಾರೆ. ಸಲಕ್ಕೆ ಮೂರು ಗಜ. ಮೂರು ಮೂರಲಿ ಒಂಬತ್ತು. ನಾಲ್ಕನೆಯ ಸಲ ಚೆಂಡನ್ನು ಒದ್ದು ಎದುರಾಳಿಗೆ ದಾನ ಮಾಡುತ್ತಾರೆ. ಚೆಂಡನ್ನು ಗಾಳಿಯಲ್ಲಿ ಎಸೆದು ಹಿಡಿಯಲೂಬಹುದು ಎಂದು ಯಾರಾದರೂ ಪುಣ್ಯಾತ್ಮರು ಅವರಿಗೆ ತಿಳಿಸಬೇಕು."

ಆ ಕೋಚ್ ಆರ್ನೆ ಲುಂಡೆ ನನ್ನ ಮಗ. ಇದು ಅವನ ಮೂರನೆಯ ಊರು. ಅವನ ಹೆಂಡತಿ ಬಸುರಿ. ಹಿಂದಿನ ಎರಡು ಊರುಗಳಲ್ಲೂ ನಿಮ್ಮಂಥ ಒಬ್ಬೊಬ್ಬರು ಪತ್ರ ಬರೆದೇ ಅವರ ಗಂಟುಮೂಟೆ ಕಟ್ಟಿಸಿದರು. ಮಗು ಹುಟ್ಟಿದ ಮೇಲಾದರೂ ಅವರು ಒಂದು ಕಡೆ ನಿಲ್ಲಲಿ ಎಂಬುದೊಂದೇ ನನ್ನ ಆಸೆ. ನಿಮಗೆ ಬರೆಯಲು ಬೇರೆ ವಿಷಯ ಸಿಗುವುದಿಲ್ಲವೇ?

ಥೋರಾ ಲುಂಡೆ

•

ಲಿಪಾ ಕ್ರೀಕ್, ನೆಬ್ರಾಸ್ಕಾ
24 ಸೆಪ್ಟೆಂಬರ್ 1974

ಶ್ರೀಮತಿ ಲುಂಡೆ ಅವರೇ,

ನಿಮ್ಮ ಪತ್ರ ಓದಿ ನನ್ನ ಕಾಫಿ ಆರಿಹೋಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದು ಗೊತ್ತಿತ್ತು. ಆ ಮುದ್ದು ಅಂಚೆಯಲ್ಲಿ ಬಂದು ಬೈಯುತ್ತದೆ ಎಂಬುದು ಗೊತ್ತಿರಲಿಲ್ಲ.

ನನ್ನದು ಮಾಂಸದಂಗಡಿ. ಅಪ್ಪನ ಕಾಲದ್ದು. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ನಾವು ಆರೇಳು ಮಂದಿ ಹೋಟೆಲಿನಲ್ಲಿ ಸೇರಿ, ಮೇಜಿನ ಮೇಲಿನ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ, ಸಕ್ಕರೆ ಬಟ್ಟಲುಗಳನ್ನು ಸರಿಸುತ್ತ ಶುಕ್ರವಾರದ ಆಟವನ್ನು ಮತ್ತೆ ಆಡುತ್ತೇವೆ. ಆ ಮೇಜಿನ ಮೇಲೆ ನಾವು ಒಂದು ಆಟವನ್ನೂ ಸೋತಿಲ್ಲ. ನಿಮ್ಮ ಮಗ ಒಳ್ಳೆಯವರೇ, ಚರ್ಚಿನಲ್ಲಿ ಹಾಡುತ್ತಾರೆ, ಹುಡುಗರಿಗೆ ಬೈಯುವುದಿಲ್ಲ. ಆದರೆ ನಮ್ಮಲ್ಲಿ ರಾಲಿ ವೊಂಡ್ರಾ ಎಂಬ ಹುಡುಗನಿದ್ದಾನೆ, ಏಣಿಯಷ್ಟು ಎತ್ತರ. ಕೈ ಮೇಲೆತ್ತಿದರೆ ಹಾರುವ ಹಕ್ಕಿಯನ್ನೂ ಹಿಡಿಯುತ್ತಾನೆ. ಅವನಿಗೆ ಈ ವರ್ಷ ಎಸೆದ ಚೆಂಡು ಎರಡು. ಎರಡೇ! ಕಳೆದ ಶುಕ್ರವಾರ ಮತ್ತೆ ಸೋತೆವು. ಆಟ ಮುಗಿಯುವ ಹೊತ್ತಿಗೆ ರಾಲಿಯ ಬಟ್ಟೆ ಇಸ್ತ್ರಿ ಮಾಡಿದ ಹಾಗೇ ಇತ್ತು. ಅವನಮ್ಮನಿಗೆ ಒಗೆಯುವ ಕೆಲಸ ತಪ್ಪಿತು, ಅಷ್ಟೇ ಲಾಭ.

ಕೋಪ ಬೇಡ. ಜೊತೆಗೆ ಒಂದು ಸುತ್ತು ಸಾಸೇಜ್ ಕಳಿಸಿದ್ದೇನೆ. ಸೇಬಿನ ಮರದ ಹೊಗೆ ಹಾಕಿದ್ದು.

ಎಮಿಲ್ ಹಾವ್ಲಿಕ್

•

ಹೋಲ್ಮ್‌ವಿಕ್
30 ಸೆಪ್ಟೆಂಬರ್ 1974

ಶ್ರೀ ಹಾವ್ಲಿಕ್ ಅವರೇ,

ಸಾಸೇಜಿನಿಂದ ನನ್ನ ಬಾಯಿ ಕಟ್ಟಬಹುದು ಎಂದುಕೊಂಡಿದ್ದರೆ ಅದು ಅರ್ಧ ನಿಜ. ಚೆನ್ನಾಗಿತ್ತು.

ಆರ್ನೆ ಚಿಕ್ಕಂದಿನಿಂದ ಹೀಗೇ. ನಮ್ಮದು ಕೋಳಿಗಳಿದ್ದ ಮನೆ. ಮೊಟ್ಟೆ ಬುಟ್ಟಿಯನ್ನು ಅಣ್ಣಂದಿರ ಕೈಗೆ ಕೊಟ್ಟರೆ ಓಡಿಬಂದು ನಾಲ್ಕು ಒಡೆಯುತ್ತಿದ್ದರು. ಆರ್ನೆ ತಂದರೆ ಒಂದೂ ಒಡೆಯುತ್ತಿರಲಿಲ್ಲ. ಆದರೆ ಕೋಳಿಗೂಡಿನಿಂದ ಅಡುಗೆಮನೆಗೆ ಬರುವಷ್ಟರಲ್ಲಿ ತಿಂಡಿಯ ಹೊತ್ತು ಕಳೆದು ಊಟದ ಹೊತ್ತಾಗುತ್ತಿತ್ತು. ಅವರಪ್ಪ ಹೇಳುತ್ತಿದ್ದರು, "ಬಿಡೇ, ನಿಧಾನವೇ ಪ್ರಧಾನ. ಲೇಟಾದ್ರೂ ಆಮ್ಲೆಟ್ ಆಗುತ್ತಲ್ಲ." ನಿಮ್ಮೂರಿನವರಿಗೆ ತಾಳ್ಮೆ ಇಲ್ಲ ಎಂದರೆ ತಪ್ಪು ಅವನದಲ್ಲ.

ಅವನು ಚೆಂಡು ನುಗ್ಗಿಸುವುದರಲ್ಲಿ ಒಂದು ನ್ಯಾಯವಿದೆ. ಏನು ನ್ಯಾಯ ಎಂದು ನನ್ನನ್ನು ಕೇಳಬೇಡಿ. ತಾಯಿ ನಾನು, ಇದೆ ಎನ್ನುತ್ತೇನೆ.

ಇದರ ಜೊತೆಗೆ ಲೆಫ್ಸೆ ಇದೆ, ನಮ್ಮ ಆಲೂಗಡ್ಡೆ ರೊಟ್ಟಿ. ಬೆಣ್ಣೆ ಸವರಿ, ಸಕ್ಕರೆ ಉದುರಿಸಿ, ಸುರುಳಿ ಸುತ್ತಿ ತಿನ್ನಿ. ಸಾಸೇಜ್ ಸುತ್ತಬೇಡಿ, ಅದು ಪಾಪ.

ಥೋರಾ ಲುಂಡೆ

•

ಲಿಪಾ ಕ್ರೀಕ್
7 ಅಕ್ಟೋಬರ್ 1974

ಥೋರಾ ಅವರೇ,

ಸಾಸೇಜ್ ಸುತ್ತಿಯೇ ತಿಂದೆ. ಪಾಪ ಬಹಳ ರುಚಿಯಾಗಿತ್ತು.

ಶುಕ್ರವಾರ ಮತ್ತೆ ಸೋಲು. ಮೊದಲ ಸಲ ಮಧ್ಯದಲ್ಲಿ, ಎರಡನೆಯ ಸಲ ಮಧ್ಯದಲ್ಲಿ, ಮೂರನೆಯ ಸಲ, ನೀವೇ ಹೇಳಿ, ಎಲ್ಲಿ? ಪಕ್ಕದಲ್ಲಿ ಕೂತ ಪಾದ್ರಿ ಕೂಡ ಟೋಪಿ ತೆಗೆದು ನೆಲಕ್ಕೆ ಹೊಡೆದರು. ಎದುರಾಳಿ ಹುಡುಗರಿಗಂತೂ ಎಲ್ಲಿ ನಿಲ್ಲಬೇಕೆಂದು ಯೋಚಿಸುವ ಕಷ್ಟವೇ ಇಲ್ಲ, ಪಾಪ, ದನ ಕೊಟ್ಟಿಗೆಗೆ ಬಂದ ಹಾಗೆ ಬಂದು ಅದೇ ಜಾಗದಲ್ಲಿ ನಿಲ್ಲುತ್ತಾರೆ.

ಇನ್ನೊಂದು ಸುದ್ದಿ ನಿಮ್ಮ ಕಿವಿಗೆ ಹೇಗೂ ಬೀಳುತ್ತದೆ, ನಾನೇ ಹೇಳಿಬಿಡುತ್ತೇನೆ. ಶನಿವಾರ ಬೆಳಿಗ್ಗೆ ನಿಮ್ಮ ಮಗನ ಮನೆಯ ಅಂಗಳದಲ್ಲಿ "ಮನೆ ಮಾರಾಟಕ್ಕಿದೆ" ಎಂಬ ಬೋರ್ಡು ನೆಟ್ಟಿತ್ತು. ಸೋತ ಕೋಚ್‌ಗಳಿಗೆ ಈ ಕಡೆ ಹೀಗೆ ಮಾಡುವುದು ಹಳೆಯ ಚೇಷ್ಟೆ, ಮನಸ್ಸಿಗೆ ಹಚ್ಚಿಕೊಳ್ಳಬಾರದು. ಯಾರು ನೆಟ್ಟರೋ ಗೊತ್ತಿಲ್ಲ. ನಾನಂತೂ ಅಲ್ಲ. ನಿಮ್ಮ ಸೊಸೆ ಅದನ್ನು ಕಿತ್ತು ಗ್ಯಾರೇಜಿನಲ್ಲಿ ಇಟ್ಟರಂತೆ.

ಈ ಡಬ್ಬದಲ್ಲಿ ಕೊಲಾಚೆ ಇದೆ, ನಮ್ಮ ಸಿಹಿ ಬನ್ನು, ನನ್ನ ತಂಗಿ ಮಾಡಿದ್ದು. ನಡುವೆ ಗಸಗಸೆ ತುಂಬಿದ್ದು ಮೊದಲು ತಿನ್ನಿ.

ಎಮಿಲ್

•

ಹೋಲ್ಮ್‌ವಿಕ್
15 ಅಕ್ಟೋಬರ್ 1974

ಶ್ರೀ ಹಾವ್ಲಿಕ್,

ನಿನ್ನೆಯ ಪತ್ರಿಕೆಯ ಮೂರನೆಯ ಪುಟದಲ್ಲಿ ಶಾಲಾ ಮಂಡಳಿಯ ಸಭೆಯ ವರದಿ ಇದೆ. ಕೋಚ್ ಲುಂಡೆಯನ್ನು ಮುಂದುವರಿಸಬೇಕೇ ಬೇಡವೇ ಎಂದು ಕೊನೆಯ ಆಟ ಮುಗಿದ ಮೇಲಿನ ಸೋಮವಾರ ತೀರ್ಮಾನವಂತೆ. ಮಂಡಳಿಯ ಐದು ಜನರಲ್ಲಿ ಇಬ್ಬರು ಇರಲಿ ಎಂದರಂತೆ, ಇಬ್ಬರು ಬೇಡ ಎಂದರಂತೆ. ಐದನೆಯ ಸದಸ್ಯರು "ನೋಡೋಣ" ಎಂದರಂತೆ. ಐದನೆಯವರ ಹೆಸರನ್ನೂ ಹಾಕಿದ್ದಾರೆ.

ನನ್ನ ರೊಟ್ಟಿ ತಿಂದಿರಿ. ಮಂಡಳಿಯಲ್ಲಿ ಇದ್ದೇನೆ ಎಂದು ಒಂದು ಸಾಲು ಬರೆಯಲಿಲ್ಲ. ಕೊಲಾಚೆ ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟೆ.

ಥೋರಾ ಲುಂಡೆ

•

ಲಿಪಾ ಕ್ರೀಕ್
23 ಅಕ್ಟೋಬರ್ 1974

ಥೋರಾ ಅವರೇ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು. ನಿಮ್ಮ ಮಗನಾಗಿದ್ದರೆ ಇಷ್ಟು ಹೊತ್ತಿಗೆ ಒದ್ದುಬಿಡುತ್ತಿದ್ದರು.

ಹೇಳಬೇಕಿತ್ತು, ಹೇಳಲಿಲ್ಲ. ಮೊದಲ ಪತ್ರದಲ್ಲಿ ಜಂಬ ಅಡ್ಡ ಬಂತು. ಆಮೇಲೆ ನಿಮ್ಮ ಪತ್ರಗಳು ನಿಂತುಹೋಗುತ್ತವಲ್ಲ ಎಂಬ ಅಳುಕು. ಹೆಂಡತಿ ತೀರಿಕೊಂಡ ಮೇಲೆ ನನಗೆ ಬರುವ ಅಂಚೆ ಎಂದರೆ ಬೀಜದ ಕಂಪನಿಯವರ ಕ್ಯಾಟಲಾಗು. ನನ್ನ ಮನಸ್ಸಿನಲ್ಲಿರುವುದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಕೊನೆಯ ಆಟ ನವೆಂಬರ್ ಒಂದಕ್ಕೆ, ಡೆನ್‌ಬಿ ಊರಿನ ಮೇಲೆ. ಆ ಆಟ ನೋಡಿ ತೀರ್ಮಾನಿಸುತ್ತೇನೆ. ನಿಮ್ಮ ಮಗ ಒಮ್ಮೆ, ಒಂದೇ ಒಂದು ಸಲ, ಧೈರ್ಯ ಮಾಡಿದ್ದನ್ನು ಕಂಡರೆ ನನ್ನ ಕೈ ಅವರ ಪರವಾಗಿ ಏಳುತ್ತದೆ. ಹೆದರುಪುಕ್ಕಲ ಮನುಷ್ಯ ಹುಡುಗರಿಗೆ ಏನು ಕಲಿಸಿಯಾನು?

ಇಲ್ಲಿ ಬೇರೇನೂ ವಿಶೇಷವಿಲ್ಲ.

ಎಮಿಲ್

•

ಹೋಲ್ಮ್‌ವಿಕ್
28 ಅಕ್ಟೋಬರ್ 1974

ಶ್ರೀ ಹಾವ್ಲಿಕ್ ಅವರೇ,

"ಬೇರೇನೂ ವಿಶೇಷವಿಲ್ಲ" ಎಂದಿರಿ. ಇವತ್ತಿನ ಪತ್ರಿಕೆಯ ಮೊದಲ ಪುಟದಲ್ಲಿ ನಿಮ್ಮ ಫೋಟೋ ಇದೆ, ಬಾಯಿ ಕಿವಿಯವರೆಗೆ ಹೋಗಿದೆ. ಅಗ್ನಿಶಾಮಕ ದಳದವರ ಪ್ಯಾನ್‌ಕೇಕ್ ಊಟದ ಲಾಟರಿಯಲ್ಲಿ ಪ್ರತಿ ವರ್ಷ ಅರ್ಧ ಹಂದಿ ಇಡುತ್ತಿದ್ದರಂತೆ. ಈ ವರ್ಷ ಹೊಸ ನೀರಿನ ಪೈಪಿಗೆ ಹೆಚ್ಚು ಚೀಟಿ ಮಾರಾಟವಾಗಲಿ ಎಂದು ಕೋಚೇ ಒಂದು ಬಹುಮಾನ ಕೊಟ್ಟನಂತೆ: ಗೆದ್ದವರು ಕೊನೆಯ ಆಟದಲ್ಲಿ ಅವನ ಪಕ್ಕ ನಿಂತು, ಅವನು ಕೇಳಿದಾಗ, ಒಂದು ಸಲ ಏನು ಆಡಬೇಕೆಂದು ಹೇಳಬಹುದು. ಅವರು ಹೇಳಿದ್ದೇ ಅಂತಿಮ. ಚೀಟಿ ನಿಮ್ಮ ಹೆಸರಿಗೆ ಬಂತಂತೆ. ಊರಿಗೆ ಊರೇ ಎದ್ದು ಚಪ್ಪಾಳೆ ಹೊಡೆಯಿತಂತೆ.

ಪತ್ರಿಕೆ ಬರುತ್ತದೆ ಎಂದು ಗೊತ್ತಿದ್ದೂ ನನ್ನಿಂದ ಮುಚ್ಚಿಡುತ್ತೀರಲ್ಲ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ನಿಮಗೆ ಏನು ಹೇಳಬೇಕೆನಿಸುತ್ತದೋ ಹೇಳಿ. ನಾನು ಬೇಡ ಎನ್ನುವುದಿಲ್ಲ. ಒಂದೇ ಕೋರಿಕೆ. ಅದು ಕೆಟ್ಟರೆ ಅವನ ತಲೆಗೆ ಕಟ್ಟಬೇಡಿ. ಹೇಳಿದ್ದು ನಾನು ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಿ. ಅಷ್ಟು ಮಾಡಿದರೆ, ಆಮೇಲೆ ಕೈ ಯಾವ ಕಡೆಗೆ ಎತ್ತಿದರೂ ನಾನು ನಿಮಗೆ ಬರೆಯುತ್ತೇನೆ.

ಥೋರಾ

•

ಲಿಪಾ ಕ್ರೀಕ್
30 ಅಕ್ಟೋಬರ್ 1974

ಥೋರಾ ಅವರೇ,

ನಿಮ್ಮ ಉತ್ತರ ಇನ್ನೂ ಬಂದಿಲ್ಲ. ತಡೆಯಲಾರದೆ ಬರೆಯುತ್ತಿದ್ದೇನೆ. ಇದು ನಿಮ್ಮ ಕೈ ಸೇರುವಷ್ಟರಲ್ಲಿ ಆಟ ಮುಗಿದು, ನನ್ನ ಹೆಸರು ಈ ಊರಿನಲ್ಲಿ ಗಾದೆಯಾಗಿರುತ್ತದೆ.

ಹಿಂದಿನ ಪತ್ರದಲ್ಲಿ ಮುಚ್ಚಿಟ್ಟೆ, ಲಾಟರಿ ನನಗೆ ಹೊಡೆಯಿತು! ಒಂದು ಆಟ ನನ್ನದು. ಮೂರು ದಿನದಿಂದ ಹೋಟೆಲಿನ ಮೇಜಿನ ಮೇಲೆ ಅಭ್ಯಾಸ ನಡೆದಿದೆ. ಉಪ್ಪಿನ ಡಬ್ಬಿ ಎಡಕ್ಕೆ ಓಡಿದಂತೆ ನಟಿಸುತ್ತದೆ. ಮೆಣಸಿನ ಡಬ್ಬಿ ಅದರ ಹಿಂದೆ. ಡೆನ್‌ಬಿಯ ಸಕ್ಕರೆ ಬಟ್ಟಲುಗಳೆಲ್ಲ ಎಡಕ್ಕೆ ಧಾವಿಸುತ್ತವೆ. ಆಗ ಸಾಸ್ ಬಾಟಲಿ, ಅಂದರೆ ನಮ್ಮ ರಾಲಿ, ಬಲಮೂಲೆಯಲ್ಲಿ ಒಂಟಿಯಾಗಿ ನಿಂತಿರುತ್ತಾನೆ. ಚೆಂಡು ಗಾಳಿಯಲ್ಲಿ! ನನ್ನ ಗೆಳೆಯರು ನೋಡಿ ಎದ್ದು ನಿಂತರು. ಹೋಟೆಲಿನ ಹುಡುಗಿ ಮಾತ್ರ "ಲೋ ತಾತಂದಿರಾ, ಸಾಸ್ ಬೇಕು, ಆ ಮೇಜಿನವರು ಕಾಯ್ತವ್ರೆ" ಎಂದು ರಾಲಿಯನ್ನು ಎತ್ತಿಕೊಂಡು ಹೋದಳು.

ಧೈರ್ಯ ಎಂದರೇನು ಎಂದು ನಿಮ್ಮ ಮಗನಿಗೆ ಶುಕ್ರವಾರ ತೋರಿಸುತ್ತೇನೆ. ಬೇಕಾದರೆ ಈ ಪತ್ರವನ್ನು ಜೋಪಾನವಾಗಿಡಿ.

ಎಮಿಲ್

•

ಲಿಪಾ ಕ್ರೀಕ್
6 ನವೆಂಬರ್ 1974

ಥೋರಾ ಅವರೇ,

ದಯವಿಟ್ಟು ಹಿಂದಿನ ಪತ್ರವನ್ನು ಒಲೆಗೆ ಹಾಕಿ.

ನಿಮ್ಮ 28ರ ಪತ್ರ ಶುಕ್ರವಾರ ಮಧ್ಯಾಹ್ನ ಬಂತು. ಜೇಬಿನಲ್ಲಿಟ್ಟುಕೊಂಡೇ ಮೈದಾನಕ್ಕೆ ಹೋದೆ. ಆಟದ ಕೊನೆಯ ಹೊತ್ತು. ನಾವು ನಾಲ್ಕು ಅಂಕ ಹಿಂದೆ. ಗೋಲಿನ ಗೆರೆಗೆ ಇನ್ನು ಎರಡೇ ಗಜ, ಅದೇ ನಮ್ಮ ಕೊನೆಯ ಅವಕಾಶ. ಗೆರೆ ದಾಟಿದರೆ ಆರು ಅಂಕ, ಗೆಲುವು, ಇಲ್ಲದಿದ್ದರೆ ಮನೆಗೆ. ನಿಮ್ಮ ಮಗ ನನ್ನ ಕಡೆ ತಿರುಗಿ, ಅಂಗಡಿಯಲ್ಲಿ ಮಾಂಸ ಕೇಳುವಷ್ಟೇ ಸಮಾಧಾನವಾಗಿ, "ಹಾವ್ಲಿಕ್ ಅವ್ರೇ, ಇದು ನಿಮ್ದು. ಹೇಳಿ" ಎಂದರು. ಧ್ವನಿವರ್ಧಕದಲ್ಲಿ "ಇದು ಎಮಿಲ್ ಹಾವ್ಲಿಕ್ ಅವರ ಆಟ!" ಎಂದು ಸಾರಿದರು. ಊರೆಲ್ಲ ಎದ್ದು ನಿಂತಿತು. ಮೇಲಿನ ಸಾಲಿನಿಂದ ಯಾವಳೋ ಒಬ್ಬ ಹೆಂಗಸು ಗಂಟಲು ಹರಿಯುವಂತೆ "ಎಸೀರಿ! ಎಸೀರಪ್ಪಾ!" ಎಂದು ಕೂಗುತ್ತಿದ್ದಳು. ಆ ದನಿ ನಮ್ಮೂರಿನದಲ್ಲ.

ಸ್ಟ್ಯಾಂಡಿನಿಂದ ನೋಡಿದರೆ ಮೈದಾನ ಹೋಟೆಲಿನ ಮೇಜಿನಷ್ಟೇ. ಮೈದಾನದ ಅಂಚಿನಲ್ಲಿ ನಿಂತರೆ ಹಾಗಲ್ಲ ಥೋರಾ ಅವರೇ. ಹುಡುಗರ ಏದುಸಿರು ಕೇಳುತ್ತದೆ. ಕೆಸರು ಮುಖಕ್ಕೆ ಸಿಡಿಯುತ್ತದೆ. ಗಾಳಿ ನನ್ನ ಟೋಪಿಯನ್ನೇ ಹಾರಿಸಿತು. ಟೋಪಿಯನ್ನೇ ಹಾರಿಸಿದ್ದು ಚೆಂಡನ್ನು ಬಿಟ್ಟೀತೇ? ಡೆನ್‌ಬಿಯವನ ಕೈಗೆ ಸಿಕ್ಕರೆ? ರಾಲಿ ಕೈಬಿಟ್ಟರೆ? ಆ ಮಗು ಜೀವನವಿಡೀ ಅದನ್ನೇ ನೆನೆಯಬೇಕಲ್ಲ. ಎರಡೇ ಗಜ ತಾನೇ? ಸಲಕ್ಕೆ ಮೂರು ಗಜ ಬಂದೇ ಬರುತ್ತದೆ, ವರ್ಷವೆಲ್ಲ ಬಂದಿದೆ...

"ಮಧ್ಯದಲ್ಲೇ ನುಗ್ಸಿ" ಎಂದೆ.

"ಏನಂದ್ರಿ?"

"ಮಧ್ಯದಲ್ಲಿ."

ಅವರು ನನ್ನನ್ನೇ ನೋಡಿದರು. "ನಿಜ್ವಾಗ್ಲೂ? ನೀವು ಎಸೆಯೋಕೇ ಹೇಳ್ತೀರಂತ ವಾರವೆಲ್ಲ ಹುಡುಗ್ರಿಗೆ ಅದನ್ನೇ ಹೇಳ್ಕೊಟ್ಟಿದೀನಲ್ರೀ. ಚೆನ್ನಾಗಿ ಕೂತಿದೆ. ನಂಗೂ ಯಾಕೋ ಇವತ್ತು ಎಸೀಬೇಕು ಅನ್ನಿಸ್ತಿತ್ತು."

"ಕೋಚ್, ಬೇಡ. ಮಧ್ಯದಲ್ಲೇ."

ಮಾತು ಕೊಟ್ಟ ಮನುಷ್ಯ, ಹಾಗೇ ಮಾಡಿಸಿದರು. ಒಂದೂವರೆ ಗಜ ಹೋಯಿತು. ಡೆನ್‌ಬಿಯ ಹನ್ನೊಂದು ಜನವೂ ಮಧ್ಯದಲ್ಲೇ ಕಾಯುತ್ತಿದ್ದರು, ಯಾಕೆ ಕಾಯಬಾರದು? ಹುಡುಗರೆಲ್ಲ ಒಬ್ಬರ ಮೇಲೊಬ್ಬರು ರಾಶಿ ಬಿದ್ದಿದ್ದರು. ಆ ರಾಶಿಯಾಚೆ, ಬಲಮೂಲೆಯಲ್ಲಿ, ರಾಲಿ ಒಬ್ಬನೇ ನಿಂತು ಎರಡೂ ಕೈ ಬೀಸುತ್ತಿದ್ದ. ಅವನ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ.

ಇಡೀ ಸ್ಟ್ಯಾಂಡು ನನಗೆ ಛೀಮಾರಿ ಹಾಕಿತು. ಪಾದ್ರಿಯೂ ಸೇರಿ. "ಕುಣೀಲಾರ್ದವ್ಳು ನೆಲ ಡೊಂಕು ಅಂದ್ಳಂತೆ!" ಎಂದು ನನ್ನ ಸ್ವಂತ ತಂಗಿ ಕೂಗಿದಳು. ಯಾರ ಮುಖವನ್ನೂ ನೋಡದೆ ಹಿಂದಿನ ಗೇಟಿನಿಂದ ಮನೆಗೆ ಓಡಿದೆ. ಟೋಪಿ ಇನ್ನೂ ಸಿಕ್ಕಿಲ್ಲ.

ಸೋಮವಾರ ಮಂಡಳಿ ಸೇರಿತು. ಕೋಚ್ ಬೇಡ ಎನ್ನುವವರೊಬ್ಬರು "ಆ ಕೊನೆಯ ಆಟ ನೋಡಿದ್ರಲ್ಲ" ಎಂದು ಶುರು ಮಾಡಿದರು. ನಿಮ್ಮ ಪತ್ರ ಜೇಬಿನಲ್ಲೇ ಇತ್ತು. ಎದ್ದು ನಿಂತೆ. "ಅದು ನಂದು. ಕೋಚ್ ಎಸೀಬೇಕು ಅಂದ್ರು, ನಾನು ಹೆದರ್ಕೊಂಡೆ. ಹೆದರಿದ್ದಕ್ಕೆ ತೆಗೀಬೇಕು ಅಂದ್ರೆ ನನ್ನನ್ನ ತೆಗೀರಿ. ಒಂದು ಸಲ ನಿಂತಿದ್ದಕ್ಕೇ ನಾನು ಟೋಪಿ ಬಿಟ್ಟು ಓಡ್ಹೋದೆ. ಅವ್ರು ಪ್ರತಿ ಶುಕ್ರವಾರ ಅಲ್ಲಿ ನಿಲ್ತಾರೆ" ಎಂದು ಹೇಳಿ ಕೈ ಎತ್ತಿದೆ. ನಿಮ್ಮ ಮಗ ಉಳಿದರು. ಎರಡು ವರ್ಷಕ್ಕೆ. ಅಧ್ಯಕ್ಷರು "ಇನ್ನು ಎಮಿಲ್‌ನ ತೆಗೆಯೋ ವಿಚಾರ ತಗೊಳ್ಳೋಣ್ವಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಹೇಳುವುದು ಒಂದು ಉಳಿಯಿತು. ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ನನ್ನ ಅಂಗಳದಲ್ಲಿ "ಮನೆ ಮಾರಾಟಕ್ಕಿದೆ" ಬೋರ್ಡು. ಯಾರ ಕೆಲಸವೋ ತಿಳಿಯದು. ಗೆಳೆಯರೆಲ್ಲ ಆಣೆ ಮಾಡುತ್ತಿದ್ದಾರೆ.

ಎಮಿಲ್

•

ಹೋಲ್ಮ್‌ವಿಕ್
12 ನವೆಂಬರ್ 1974

ಎಮಿಲ್ ಅವರೇ,

ಒಲೆಗೆ ಹಾಕುವುದಿಲ್ಲ. ಊರಿಗೆ ಮರಳಿ ಅಂಚೆಪೆಟ್ಟಿಗೆ ತೆರೆದರೆ ನಿಮ್ಮ 30ರ ಪತ್ರ ಕಾಯುತ್ತಿತ್ತು. ಕೋಟು ಬಿಚ್ಚದೆ ಬಾಗಿಲಲ್ಲೇ ನಿಂತು ಓದಿದೆ. "ಧೈರ್ಯ ಎಂದರೇನು ಎಂದು ತೋರಿಸುತ್ತೇನೆ." ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿತು. ಅದಕ್ಕೆ ಚೌಕಟ್ಟು ಹಾಕಿಸುವ ಯೋಚನೆ ಇದೆ.

ಯಾವ ಊರಿನಿಂದ ಮರಳಿ ಎಂದು ಕೇಳುತ್ತೀರಿ. ನಿಮ್ಮೂರಿನಿಂದಲೇ. ಗುರುವಾರ ಬಸ್ಸು ಹತ್ತಿ ಬಂದಿದ್ದೆ. ಬರುತ್ತೇನೆಂದು ನಿಮಗೆ ಬರೆಯಲಿಲ್ಲ, ಮುಚ್ಚಿಡುವ ವಿದ್ಯೆ ನಿಮ್ಮಿಂದಲೇ ಕಲಿತದ್ದು. ಮೇಲಿನ ಸಾಲಿನಲ್ಲಿ ಸೊಸೆಯ ಪಕ್ಕ ಕೂತು ಗಂಟಲು ಹರಿದುಕೊಂಡ ಆ ಹೆಂಗಸು ನಾನೇ. ಇನ್ನೂ ದನಿ ಸರಿಯಾಗಿಲ್ಲ. ನಿಮ್ಮ ಪತ್ರಗಳಿಗೆ ಅಷ್ಟು ಕೋಪ ಬಂದದ್ದೇಕೆ ಗೊತ್ತೇ? ಒಂದೊಂದು ಮಾತೂ ನನ್ನದೇ. ಇಪ್ಪತ್ತು ವರ್ಷದಿಂದ ಅವನಿಗೆ ಹೇಳುತ್ತಿದ್ದೇನೆ, "ಎಸಿಯೋ ಮಗನೇ, ಒಂದು ಮೊಟ್ಟೆ ಒಡೆದ್ರೆ ಪ್ರಪಂಚ ಮುಳ್ಗಲ್ಲ" ಎಂದು. ಆದರೆ ನನ್ನ ಮಗನನ್ನು ನಾನು ಬೈಯಬಹುದು, ಊರವರು ಬೈದರೆ ಹೇಗೆ ಸಹಿಸಲಿ?

ಅವನು ಕೊನೆಗೂ ಎಸೆಯಲು ಮನಸ್ಸು ಮಾಡಿದ ದಿನವೇ ನೀವು ಅಡ್ಡಗಾಲು ಹಾಕಿದಿರಲ್ಲ, ಪುಣ್ಯಾತ್ಮರೇ! ಅಂದು ರಾತ್ರಿ ಊಟಕ್ಕೆ ಕೂತು ಆರ್ನೆ ಹೇಳಿದ, "ಅಮ್ಮಾ, ಆ ಮನುಷ್ಯನ ಮುಖ ನೋಡ್ಬೇಕಿತ್ತು. ನನ್ನ ಕಷ್ಟ ಅರ್ಥ ಆಗಿದ್ದು ಈ ಊರಲ್ಲಿ ಅವರೊಬ್ರಿಗೇ." ಹೇಳುತ್ತ ಹೇಳುತ್ತ ನಕ್ಕ. ಅವನು ಹಾಗೆ ನಕ್ಕದ್ದನ್ನು ಕಂಡು ಎಷ್ಟೋ ಕಾಲವಾಗಿತ್ತು. ಸೋಮವಾರದ ಸುದ್ದಿ ಫೋನಿನಲ್ಲಿ ಕೇಳಿದಾಗ ನಾನು ಅತ್ತುಬಿಟ್ಟೆ. ನನ್ನ ಮೊಮ್ಮಗು ಒಂದೇ ಊರಿನಲ್ಲಿ ಹುಟ್ಟಿ, ಅದೇ ಊರಿನಲ್ಲಿ ನಡೆಯಲು ಕಲಿಯುತ್ತದೆ. ನೀವು ಎದ್ದು ನಿಂತದ್ದಕ್ಕೆ ನಾನು ಋಣಿ.

ಇನ್ನು ಬೋರ್ಡಿನ ವಿಷಯ. ನಿಮ್ಮ ಗೆಳೆಯರ ಆಣೆಯನ್ನು ನಂಬಿ. ಶನಿವಾರ ಬೆಳಗಿನ ಬಸ್ಸಿಗೆ ಮುಂಚೆ ನೆಟ್ಟವಳು ನಾನು, ಸುತ್ತಿಗೆ ಹಿಡಿದವಳು ಬಸುರಿ ಸೊಸೆ. ಬೋರ್ಡು ಅವಳ ಗ್ಯಾರೇಜಿನದೇ. ಅದರ ಹಿಂಬದಿಯನ್ನು ನೀವು ಸರಿಯಾಗಿ ತೊಳೆದಿರಲಿಲ್ಲ ಎಮಿಲ್ ಅವರೇ. "ಸೇಬಿನ ಹೊಗೆಯ ಸಾಸೇಜ್, ಇಂದಿನ ವಿಶೇಷ" ಎಂಬ ಅಕ್ಷರ ಇನ್ನೂ ಕಾಣುತ್ತದೆ. ನಿಮ್ಮ ವಸ್ತು ನಿಮಗೇ ಸೇರಲಿ ಎಂದು ತಂದುಕೊಟ್ಟೆವು.

ನಿಮ್ಮ ಟೋಪಿ ನನ್ನ ಹತ್ತಿರವಿದೆ. ಹಾರಿಬಂದು ನಮ್ಮ ಸಾಲಿಗೇ ಬಿತ್ತು, ನಾನೇ ಹಿಡಿದೆ. ಅಂದು ಆ ಮೈದಾನದಲ್ಲಿ ಗಾಳಿಯಲ್ಲಿ ಬಂದದ್ದನ್ನು ಹಿಡಿದವಳು ನಾನೊಬ್ಬಳೇ. ಮಾರ್ಚಿನಲ್ಲಿ ಬಾಣಂತನಕ್ಕೆ ಬರುವಾಗ ತರುತ್ತೇನೆ, ಅದಕ್ಕೂ ಮುಂಚೆ ಬೇಕಿದ್ದರೆ ನೀವೇ ಬಂದು ತೆಗೆದುಕೊಂಡು ಹೋಗಿ. ಲೆಫ್ಸೆ ಬಿಸಿಯಾಗಿರುವಾಗ ತಿಂದರೇ ರುಚಿ. ಸಾಸೇಜ್ ಸುತ್ತಿ ನಾನೂ ಒಂದು ತಿಂದು ನೋಡಿದೆ. ಯಾರಿಗೂ ಹೇಳಬೇಡಿ.

ಮುಂದಿನ ಸೆಪ್ಟೆಂಬರಿಗೆ ಮೇಲಿನ ಸಾಲಿನಲ್ಲಿ ಎರಡು ಜಾಗ ಹಿಡಿದಿಡಿ. ಆರ್ನೆ ಮತ್ತೆ ಮೂರು ಸಲ ಮಧ್ಯದಲ್ಲೇ ನುಗ್ಗಿಸಿದರೆ ಬೈಯುವ ಕೆಲಸ ನನ್ನದು. ನೀವು ತೆಪ್ಪಗೆ ಕೂತು ಚಪ್ಪಾಳೆ ಹೊಡೆಯಿರಿ.

ಥೋರಾ